ಫೀಸು ಕಾಣುತ್ತೆ, ಬಾಬ್ತು ಕಾಣಲ್ಲ!

ಮಗಳ ಡಿಗ್ರಿಗೆಂದು ಎಂಬತ್ತು ಸಾವಿರ ಎಣಿಸಿ ಬಂದ ಅಂಗಡಿಯವರ ಕೈಗೆ ಕಾಲೇಜು ಕೊಡುವುದೇನು? ‘ಒಟ್ಟು ಶುಲ್ಕ’ ಎಂಬ ಒಂದೇ ಸಾಲಿನ ರಸೀದಿ. ಎಡವಟ್ಟು ಇರೋದೇ ಇಲ್ಲಿ.

ಆದಾಯ ತೆರಿಗೆಯ ಹಳೇ ಪದ್ಧತಿಯಲ್ಲಿ ಮಕ್ಕಳ ಟ್ಯೂಷನ್ ಫೀಗೆ ರಿಯಾಯಿತಿ ಉಂಟು. ಇಬ್ಬರು ಮಕ್ಕಳವರೆಗೆ, ದೇಶದೊಳಗಿನ ಪೂರ್ಣಾವಧಿ ಓದಿಗೆ ಮಾತ್ರ. ಎಲ್‌ಐಸಿ ಕಂತು, ಪಿಎಫ್ ಎಲ್ಲ ಸೇರಿ ಒಂದೂವರೆ ಲಕ್ಷದ ಮಿತಿ. 2014ರಲ್ಲಿ ಗೊತ್ತಾದ ಅಂಕಿ, ಹತ್ತು ವರ್ಷ ಕಳೆದರೂ ಅಲ್ಲಾಡಲಿಲ್ಲ. ಫೀಸು ಮಾತ್ರ ವರ್ಷಾ ವರ್ಷಾ ಏರಿತು!

ಡೊನೇಷನ್, ಅಭಿವೃದ್ಧಿ ಶುಲ್ಕ, ಹಾಸ್ಟೆಲ್ಲು, ಬಸ್ಸಿನ ದುಡ್ಡು ಇದಕ್ಕೆ ಸೇರೋದಿಲ್ಲ. ಒಂದೇ ಸಾಲಿನ ರಸೀದಿ ಹಿಡಿದು ಹೋದರೆ ‘ಇದರಲ್ಲಿ ಟ್ಯೂಷನ್ ಫೀ ಎಷ್ಟ್ರೀ?’ ಅಂತಾರೆ ಆಡಿಟರು. ಕಟ್ಟಿದವರಿಗೆ ಗೊತ್ತಿಲ್ಲ, ಕೌಂಟರಿನವರು ಹೇಳಲ್ಲ. ಕಿರಾಣಿ ಅಂಗಡಿಯವನೂ ಅಕ್ಕಿಗಿಷ್ಟು, ಬೇಳೆಗಿಷ್ಟು ಅಂತ ಚೀಟಿ ಬರೆದುಕೊಡುತ್ತಾನೆ. ಲಕ್ಷಗಟ್ಟಲೆ ಎಣಿಸುವ ಕಾಲೇಜಿಗೆ ನಾಲ್ಕು ಸಾಲು ಅಚ್ಚು ಹಾಕಿಸೋಕೆ ಏನು ಧಾಡಿ?

2023ರ ಬಜೆಟ್ಟಿನಿಂದೀಚೆಗೆ ಸುಮ್ಮನಿದ್ದವರೆಲ್ಲ ತಾವಾಗಿಯೇ ಹೊಸ ಪದ್ಧತಿಗೆ ಬೀಳುತ್ತಾರೆ. ಅಲ್ಲಿ ದರ ಕಡಿಮೆ, ಆದರೆ ಈ ರಿಯಾಯಿತಿ ಇಲ್ಲ. ಹಳೇದೇ ಬೇಕೆನ್ನುವ ವ್ಯಾಪಾರಸ್ಥರು ಗಡುವಿನೊಳಗೆ ಬೇರೆ ಫಾರಂ ಹಾಕಬೇಕು. ಯಾವುದು ಲಾಭ ಅಂತ ಲೆಕ್ಕ ಹಾಕೋಕಾದರೂ ಬಿಡಿ ಬಿಡಿ ಅಂಕಿ ಬೇಕಲ್ಲ?

ಫೀಸು ಕಟ್ಟುವ ದಿನವೇ ಪೋಷಕರು ಬಾಬ್ತುವಾರು ರಸೀದಿ ಕೇಳಲಿ. ಕೊಡುವ ತನಕ ಕೌಂಟರು ಬಿಟ್ಟು ಕದಲುವುದು ಬೇಡ.