ನಿಂತು ಆಡುವವರು ಬೇಡವೆ?

ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ಬಸ್ಸಿನಲ್ಲಿ ನಮ್ಮ ಕಾಲೇಜಿನ ಹುಡುಗರು ದಿನವೂ ಕರ್ನಾಟಕದ ಕ್ರಿಕೆಟ್ ತಂಡವನ್ನು ಆರಿಸುತ್ತಾರೆ. ಆಯ್ಕೆ ಸಮಿತಿಗೂ ಅಷ್ಟು ಖಾತ್ರಿ ಇರಲಾರದು! "ಆಟ ಬದ್ಲಾಗ್ಯಾದ್ರಿ ಸರ, ನಿಂತು ಆಡೋರು ಇನ್ನ ಯಾಕ ಬೇಕು?" ಎಂದು ಮೊನ್ನೆ ಒಬ್ಬ ಕೇಳಿದ. ಇಪ್ಪತ್ತು ಓವರುಗಳ ಪಂದ್ಯಕ್ಕೆ ಆ ಮಾತು ಸರಿ. 2022ರಲ್ಲಿ ನಮ್ಮೂರ ಹಳೆಯ ಹೆಸರು ಹೊತ್ತ ಗುಲ್ಬರ್ಗಾ ಮಿಸ್ಟಿಕ್ಸ್ ತಂಡ ಮಹಾರಾಜ ಟ್ರೋಫಿ ಗೆದ್ದಾಗ ನಾನೂ ಹಿಗ್ಗಿದವನೇ. ಆದರೆ ಅದೇ ಅಳತೆಯನ್ನು ರಣಜಿಗೂ ಹಿಡಿಯುವುದೆಂದರೆ ಸೇರಿನಿಂದ ಬಟ್ಟೆ ಅಳೆದಂತೆ.

ಕರುಣ್ ನಾಯರ್ ಅವರನ್ನೇ ನೋಡಿ. 2015ರ ರಣಜಿ ಫೈನಲ್ಲಿನಲ್ಲಿ ತಮಿಳುನಾಡಿನ ಮೇಲೆ 328 ರನ್ನು. 2016ರಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡಿನ ಎದುರು 381 ಎಸೆತ ನಿಂತು ಅಜೇಯ 303. ಆಮೇಲೆ ರನ್ನುಗಳು ಬತ್ತಿದವು, ನಿಜ. ಕರ್ನಾಟಕ ಕೈಬಿಟ್ಟಿತು. 2023ರಲ್ಲಿ ವಿದರ್ಭಕ್ಕೆ ಹೋದವರು 2024–25ರ ರಣಜಿಯಲ್ಲಿ 863 ರನ್ನು ಹೊಡೆದರು. ಪ್ರಶಸ್ತಿ ವಿದರ್ಭದ ಪಾಲಾಯಿತು. 2015ರ ಬಳಿಕ ಆ ಹತ್ತು ವರ್ಷ ನಮಗೆ ಒಮ್ಮೆಯೂ ದಕ್ಕಲಿಲ್ಲ. 2025ರಲ್ಲಿ ಅವರು ಕರ್ನಾಟಕಕ್ಕೆ ಮರಳಿದಾಗ "ವಯಸ್ಸಾತು" ಎಂದು ಮೂಗು ಮುರಿದವರೂ ಇದೇ ಬಸ್ಸಿನವರು.

ಇಷ್ಟನ್ನೂ ಆ ಹುಡುಗನಿಗೆ ಹೇಳಿದೆ. ಅವನು ತಲೆ ಕೆರೆದುಕೊಂಡು, "ಸ್ಟ್ರೈಕ್ ರೇಟ್ ಎಷ್ಟಿತ್ರಿ ಸರ?" ಅಂದ. ಅಷ್ಟರಲ್ಲಿ ಕಮಲಾಪುರ ಬಂತು.