ಹಲ್ಲಿನ ಕಲೆ ಮತ್ತು ನಮ್ಮ ಪಾಠಯೋಜನೆ

ಬೋಧನಾಭ್ಯಾಸದ ಎರಡನೆಯ ವಾರ. ತಳಕು ಹೋಬಳಿಯ ಒಂದು ಶಾಲೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ನಾಲ್ಕನೆಯ ತರಗತಿಗೆ ವೈಯಕ್ತಿಕ ಸ್ವಚ್ಛತೆಯ ಪಾಠ ಮಾಡುತ್ತಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಅವಲೋಕನ ಹಾಳೆ ಹಿಡಿದು ಕುಳಿತಿದ್ದೆ. ಪೀಠಿಕೆ ಚೆನ್ನಾಗಿತ್ತು, ಚಾರ್ಟ್ ಅಂದವಾಗಿತ್ತು. ಮೌಲ್ಯಮಾಪನದ ಹಂತದಲ್ಲಿ ಅವರು ಮಕ್ಕಳನ್ನು ಒಬ್ಬೊಬ್ಬರಾಗಿ ಎಬ್ಬಿಸಿ ಹಲ್ಲು ತೋರಿಸಲು ಹೇಳಿದರು. ಮೂರನೆಯ ಸಾಲಿನ ಹುಡುಗಿಯ ಮುಂದಿನ ಹಲ್ಲುಗಳ ಮೇಲೆ ಕಂದು ಬಣ್ಣದ ಅಡ್ಡ ಪಟ್ಟಿಗಳಿದ್ದವು.

"ಬೆಳಿಗ್ಗೆ ಹಲ್ಲುಜ್ಜಿಲ್ವೇನಮ್ಮ?"

"ದಿನಾ ಉಜ್ತೀನಿ ಮಿಸ್."

"ಉಜ್ಜಿದ್ರೆ ಹಿಂಗಿರುತ್ತಾ? ನಾಳೆ ಚೆನ್ನಾಗಿ ಉಜ್ಜಿಕೊಂಡು ಬಾ."

ತರಗತಿ ನಕ್ಕಿತು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ಕುಳಿತಳು. ನಾನು ಹಾಳೆಯಲ್ಲಿ 'ಪಾಠವನ್ನು ಮಕ್ಕಳ ಜೀವನಕ್ಕೆ ಜೋಡಿಸಿದ್ದಾರೆ, ಉತ್ತಮ' ಎಂದು ಬರೆದೆ. ತಪ್ಪು ಪ್ರಶಿಕ್ಷಣಾರ್ಥಿಯದ್ದಕ್ಕಿಂತ ನನ್ನದೇ ದೊಡ್ಡದು. ಮಧ್ಯಾಹ್ನ ಬಿಸಿಯೂಟಕ್ಕೆ ಮಕ್ಕಳು ಸಾಲಾಗಿ ಕುಳಿತಾಗ ನೋಡಿದೆ. ನಕ್ಕ ಮಕ್ಕಳಲ್ಲೂ ಹಲವರ ಹಲ್ಲಿನ ಮೇಲೆ ಸುಣ್ಣ ಬಳಿದಂಥ ಬಿಳಿ ಗೆರೆಗಳಿದ್ದವು, ಕೆಲವರದು ಕಂದಾಗಿತ್ತು. ಅಷ್ಟೂ ಮಕ್ಕಳು ಹಲ್ಲುಜ್ಜದವರು ಎಂದು ಹೇಳಲು ಸಾಧ್ಯವೇ?

ಆ ಕಲೆಗೆ ಫ್ಲೋರೋಸಿಸ್ ಎಂದು ಹೆಸರು. ಅದು ಕೊಳೆಯಲ್ಲ, ಹುಳುಕೂ ಅಲ್ಲ. ಹಲ್ಲು ರೂಪುಗೊಳ್ಳುವಾಗಲೇ ಆದ ಬೆಳವಣಿಗೆಯ ದೋಷ. ಮುಂದಿನ ಶಾಶ್ವತ ಹಲ್ಲುಗಳು ಆರು ಏಳನೆಯ ವಯಸ್ಸಿನಲ್ಲಿ ಹೊರಬರುತ್ತವೆ, ಆದರೆ ಅವುಗಳ ಮೇಲಿನ ಗಟ್ಟಿ ಪದರವಾದ ಎನಾಮಲ್ ವಸಡಿನೊಳಗೆ ಸಿದ್ಧವಾಗುವುದು ಹುಟ್ಟಿದಾಗಿನಿಂದ ನಾಲ್ಕೈದು ವರ್ಷದೊಳಗೆ. ಆ ಅವಧಿಯಲ್ಲಿ ಮಗು ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಎನಾಮಲ್ ಗಟ್ಟಿಯಾಗದೆ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ಹಲ್ಲು ಮೂಡುವಾಗ ಬಿಳಿ ಗೆರೆಯಷ್ಟೇ ಕಾಣುತ್ತದೆ. ಆಮೇಲೆ ಆ ರಂಧ್ರಗಳು ಬಣ್ಣ ಹೀರಿ ಕಂದಾಗುತ್ತವೆ. ಒಂಬತ್ತು ವರ್ಷದ ಹುಡುಗಿಯ ಹಲ್ಲು ಹೇಳುತ್ತಿರುವುದು ಅವಳು ಇಂದು ಬೆಳಿಗ್ಗೆ ಏನು ಮಾಡಿದಳೆಂಬುದನ್ನಲ್ಲ, ಅಂಗನವಾಡಿಗೆ ಹೋಗುವ ಮೊದಲು ಯಾವ ನೀರು ಕುಡಿದಳೆಂಬುದನ್ನು.

ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಗೆ ಇದು ಹೊಸದಲ್ಲ. ರಾಜ್ಯದಲ್ಲೇ ತೀರ ಕಡಿಮೆ ಮಳೆ ಬೀಳುವ ನೆಲ. ಕೆರೆ ಬಾವಿ ಬತ್ತಿದ ಮೇಲೆ ಕೊಳವೆಬಾವಿಯೇ ಗತಿ. ನೀರು ಆಳದ ಗಟ್ಟಿ ಶಿಲೆಗಳ ಬಿರುಕುಗಳಲ್ಲಿ ಬಹುಕಾಲ ನಿಂತಾಗ ಶಿಲೆಯಲ್ಲಿನ ಫ್ಲೋರೈಡ್ ಅದರಲ್ಲಿ ಕರಗುತ್ತದೆ. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಚಿತ್ರದುರ್ಗ ಜಿಲ್ಲೆಯ ಹಲವು ಕಡೆ ಅಂತರ್ಜಲ ಈ ಮಿತಿ ಮೀರಿದೆ.

ಅಮೆರಿಕದ ಕೊಲರಾಡೋದಲ್ಲಿ 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ ಊರಿನ ಮಕ್ಕಳ ಹಲ್ಲಿನಲ್ಲಿ ಇಂಥದೇ ಕಂದು ಕಲೆ ಕಂಡ. ಹಂದಿಮಾಂಸ ಹೆಚ್ಚು ತಿಂದದ್ದರಿಂದ, ಕೆಟ್ಟ ಹಾಲು ಕುಡಿದದ್ದರಿಂದ ಎಂದು ಜನ ತಲೆಗೊಂದು ಮಾತು ಹೇಳುತ್ತಿದ್ದರು. ಕಾರಣ ನೀರಿನ ಫ್ಲೋರೈಡ್ ಎಂದು ಗೊತ್ತಾದದ್ದು 1931ರಲ್ಲಿ. ನಮ್ಮ ದೇಶದಲ್ಲಿ 1937ರಲ್ಲೇ ನೆಲ್ಲೂರು ಜಿಲ್ಲೆಯಿಂದ ಇದರ ವರದಿ ಬಂತು. 2008-09ರಿಂದ ಫ್ಲೋರೋಸಿಸ್ ನಿಯಂತ್ರಣಕ್ಕೆ ರಾಷ್ಟ್ರೀಯ ಕಾರ್ಯಕ್ರಮವೇ ಇದೆ. ಇಷ್ಟಾದರೂ ನಮ್ಮ ಪಾಠಯೋಜನೆಗಳಲ್ಲಿ ಹಲ್ಲಿನ ಕಲೆಗೆ 'ಉಜ್ಜದಿರುವುದು' ಎಂಬ ಒಂದೇ ಕಾರಣ ಉಳಿದಿದೆ.

ಫ್ಲೋರೋಸಿಸ್ ಒಂದೇ ಅಲ್ಲ. 'ಮನುಷ್ಯನಿಗೆ 32 ಹಲ್ಲು' ಎಂದು ಕಪ್ಪುಹಲಗೆಯ ಮೇಲೆ ಬರೆದು, ಎಣಿಸಿ ಎನ್ನುತ್ತೇವೆ. ಹಾಲುಹಲ್ಲು 20. ಒಂಬತ್ತು ಹತ್ತರ ವಯಸ್ಸಿನಲ್ಲಿ ಕೆಲವು ಬಿದ್ದು ಕೆಲವು ಬಂದು ಒಬ್ಬೊಬ್ಬರದು ಒಂದೊಂದು ಲೆಕ್ಕ. ಬುದ್ಧಿಹಲ್ಲು ಬಿಟ್ಟರೂ ನೂರರಲ್ಲಿ ಐದಾರು ಜನರಿಗೆ ಒಂದಾದರೂ ಶಾಶ್ವತ ಹಲ್ಲು ಹುಟ್ಟುವುದೇ ಇಲ್ಲ. ನೂರಕ್ಕೆ ಒಬ್ಬಿಬ್ಬರಿಗೆ ಹೆಚ್ಚಿನ ಹಲ್ಲು ಬರುತ್ತದೆ, ಅದೂ ಹಲವು ಸಲ ಮೇಲಿನ ಎರಡು ಮುಂದಿನ ಹಲ್ಲುಗಳ ನಡುವೆ. ಕೆಲವರ ಪಕ್ಕದ ಹಲ್ಲು ಗೂಟದಂತೆ ಚೂಪಾಗಿರುತ್ತದೆ. ನಲವತ್ತು ಮಕ್ಕಳ ತರಗತಿಯಲ್ಲಿ ಇಂಥ ಮಗು ಒಂದೆರಡು ಇರುವುದು ಸಹಜ. ಇಂಥದಕ್ಕೆ ಊರಿನಲ್ಲಿ ಅಡ್ಡಹೆಸರು ಬೇಗ ಅಂಟುತ್ತದೆ. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗದು ಎಂಬ ನಂಬಿಕೆಯೂ ನಮ್ಮಲ್ಲಿದೆ. ಇಂಥ ಮಾತು ಕೇಳಿ ಬೆಳೆದ ಮಗು ಶಾಲೆಗೆ ಬಂದಾಗ ನಾವೂ ಅದರ ಬಾಯಿಯನ್ನೇ ಬೊಟ್ಟು ಮಾಡಿ ತೋರಿಸಬೇಕೇ?

'ನಾವು ದಂತವೈದ್ಯರಲ್ಲವಲ್ಲ' ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ನಿಜ. ಅದಕ್ಕೇ 'ಉಜ್ಜಿಲ್ಲ' ಎಂದು ಕಾರಣ ಹೇಳುವ ಅಧಿಕಾರವೂ ನಮಗಿಲ್ಲ. ಇನ್ನೊಬ್ಬರು, ಹೀಗೆ ಹೇಳಿದರೆ ಮಕ್ಕಳು ಹಲ್ಲುಜ್ಜುವುದನ್ನೇ ಬಿಟ್ಟಾರು ಎಂದರು. ಉಜ್ಜುವುದು ಹುಳುಕು ತಡೆಯಲು, ವಸಡು ಚೆನ್ನಾಗಿರಲು. ಅದನ್ನು ಖಂಡಿತ ಕಲಿಸೋಣ. ಆದರೆ ಉಜ್ಜಿದರೆ ಈ ಕಲೆ ಹೋಗುತ್ತದೆ ಎಂದು ನಂಬಿಸಿದರೆ ಮಗು ಇಟ್ಟಿಗೆ ಪುಡಿ, ಬೂದಿ, ಉಪ್ಪು ಹಾಕಿ ಉಜ್ಜುತ್ತದೆ. ಕಲೆ ಹೋಗುವುದಿಲ್ಲ, ಎನಾಮಲ್ ಸವೆಯುತ್ತದೆ. ದಿನವೂ ಉಜ್ಜಿದ ಮಗುವಿಗೆ ನೀನು ಸುಳ್ಳು ಹೇಳುತ್ತೀಯ ಎಂದ ಹಾಗೂ ಆಗುತ್ತದೆ. ಸ್ವಚ್ಛತೆಯ ಪಾಠದಲ್ಲಿ ಸತ್ಯ ಹೇಳಿದ ಮಗುವಿಗೇ ಅವಮಾನವಾದರೆ ಆ ಪಾಠದಿಂದ ಬಂದ ಕಲಿಕೆ ಯಾವುದು?

ಹಾಗಾದರೆ ಏನು ಮಾಡಬಹುದು? ನಮ್ಮ ಕಾಲೇಜಿನ ಮುಂದಿನ ಬೋಧನಾಭ್ಯಾಸಕ್ಕೆ ನನ್ನ ಸಲಹೆಗಳು ಇವು.

ಒಂದು, ಎಲ್ಲರ ಮುಂದೆ ಹಲ್ಲು ತೋರಿಸುವ ಚಟುವಟಿಕೆಯನ್ನು ಪಾಠಯೋಜನೆಯಿಂದ ತೆಗೆಯೋಣ. ಮಗು ಕೈಗನ್ನಡಿಯಲ್ಲಿ ತನ್ನ ಹಲ್ಲು ತಾನೇ ನೋಡಿ, ಎಣಿಸಿ, ತನ್ನ ಪುಸ್ತಕದಲ್ಲಿ ಚಿತ್ರ ಬರೆಯಲಿ. 32ರ ಬದಲು 'ನಿನಗೆ ಈಗ ಎಷ್ಟಿವೆ, ಯಾವುದು ಬಿದ್ದಿದೆ?' ಎಂದು ಕೇಳೋಣ.

ಎರಡು, ಹಲ್ಲಿನ ಪಾಠವನ್ನು ನೀರಿನ ಪಾಠಕ್ಕೆ ಜೋಡಿಸೋಣ. ನಿಮ್ಮ ಮನೆಗೆ ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಕೊಳವೆಬಾವಿಯಿಂದಲೋ ಶುದ್ಧ ನೀರಿನ ಘಟಕದಿಂದಲೋ ಎಂದು ಮಕ್ಕಳೇ ಪಟ್ಟಿ ಮಾಡಲಿ. ಜಲಜೀವನ ಮಿಷನ್ ಅಡಿಯಲ್ಲಿ ಹಳ್ಳಿಗಳಿಗೆ ಕೊಟ್ಟಿರುವ ನೀರು ಪರೀಕ್ಷಾ ಕಿಟ್‌ನಲ್ಲಿ ಫ್ಲೋರೈಡ್ ಪರೀಕ್ಷೆಯೂ ಸೇರಿದೆ. ಪಂಚಾಯಿತಿಯವರನ್ನು ಕೇಳಿ ಶಾಲೆಯ ನೀರನ್ನು ಮಕ್ಕಳ ಎದುರೇ ಪರೀಕ್ಷಿಸಿದರೆ ಅದಕ್ಕಿಂತ ಒಳ್ಳೆಯ ಕಲಿಕೋಪಕರಣ ಬೇರೆ ಬೇಕಿಲ್ಲ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದನ್ನೂ ಹೇಳಬೇಕು. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಹೆಚ್ಚುತ್ತದೆ.

ಮೂರು, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆಗೆ ಬಂದಾಗ ಹಲ್ಲಿನ ತೊಂದರೆಯನ್ನೂ ಬರೆಸುವುದು ತರಗತಿ ಶಿಕ್ಷಕರ ಹೊಣೆ. ಪ್ರಶಿಕ್ಷಣಾರ್ಥಿಗಳು ಒಮ್ಮೆಯಾದರೂ ಆ ತಪಾಸಣೆ ನೋಡಬೇಕು. ಎಡಬಲ ಎರಡೂ ಕಡೆಯ ಹಲ್ಲುಗಳಲ್ಲಿ ಒಂದೇ ಬಗೆಯ ಅಡ್ಡ ಗೆರೆ ಇದ್ದರೆ ಫ್ಲೋರೋಸಿಸ್ ಇರಬಹುದು ಎಂದು ಅನುಮಾನಿಸುವಷ್ಟು ನಮಗೆ ಗೊತ್ತಿದ್ದರೆ ಸಾಕು. ಖಚಿತವಾಗಿ ಹೇಳುವುದು ವೈದ್ಯರ ಕೆಲಸ.

ಮೂಡಿದ ಹಲ್ಲಿನ ಕಲೆ ನೀರು ಬದಲಿಸಿದರೆ ಹೋಗುವುದಿಲ್ಲ. ಆದರೆ ಆ ಹುಡುಗಿಗೆ ತಮ್ಮನೋ ತಂಗಿಯೋ ಇದ್ದರೆ ಆ ಮಗುವಿನ ಹಲ್ಲು ಈಗ ವಸಡಿನೊಳಗೆ ರೂಪುಗೊಳ್ಳುತ್ತಿರುತ್ತದೆ. ಅದನ್ನು ಉಳಿಸಬಹುದು. ಪಾಠ ಅಕ್ಕನ ಮೂಲಕ ಮನೆಗೆ ಹೋಗಬೇಕಾದರೆ ಅಕ್ಕ ಬಾಯಿಗೆ ಅಡ್ಡ ಹಿಡಿದ ಕೈಯನ್ನು ಮೊದಲು ತೆಗೆಯಬೇಕು.

ಆ ಅವಲೋಕನ ಹಾಳೆ ಇನ್ನೂ ನನ್ನ ಬಳಿ ಇದೆ. ಮರುದಿನ ಪ್ರಶಿಕ್ಷಣಾರ್ಥಿಯ ಜೊತೆ ಕುಳಿತು 'ಉತ್ತಮ' ಎಂಬುದನ್ನು ಹೊಡೆದು ಹಾಕಿದೆ. ಅವರು ಆ ವಾರವೇ ಅದೇ ತರಗತಿಗೆ ಹೋಗಿ, 'ಮೊನ್ನೆ ನಾನು ಹೇಳಿದ್ದು ತಪ್ಪು' ಎಂದು ಮಕ್ಕಳ ಮುಂದೆ ಹೇಳಿ ನೀರಿನ ಪಾಠ ಶುರು ಮಾಡಿದರು. ಆ ಪಾಠಕ್ಕೆ ಅಂಕ ಕೊಡುವ ಕಾಲಂ ನಮ್ಮ ಹಾಳೆಯಲ್ಲಿ ಇರಲಿಲ್ಲ.