ಸರ್ಕಾರದ ವೆಚ್ಚವೆಲ್ಲ ದುಂದುವೆಚ್ಚವೇ?

“ಸರ್ಕಾರದ ಹಣವೆಲ್ಲ ಸಂಬಳ-ಸಾರಿಗೆಗೇ ಸರಿಹೋಯಿತು” ಎಂಬ ಮಾತು ಅರಳಿಕಟ್ಟೆಯಿಂದ ಹಿಡಿದು ವಿಧಾನಸೌಧದವರೆಗೆ ಕೇಳಿಬರುತ್ತದೆ. ಇದು ಎಷ್ಟರಮಟ್ಟಿಗೆ ದಿಟವೆಂಬುದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳಾದ ನಾವು ವಿಚಾರಮಾಡಬೇಕಾದುದು ಅವಶ್ಯ.

ದೇಶದ ಒಟ್ಟು ಉತ್ಪನ್ನವನ್ನು ವೆಚ್ಚದ ದೃಷ್ಟಿಯಿಂದ ಎಣಿಸುವಾಗ ಜನರ ಬಳಕೆ, ಬಂಡವಾಳ ಹೂಡಿಕೆ, ಸರ್ಕಾರದ ಬಳಕೆ, ರಫ್ತು-ಆಮದುಗಳ ವ್ಯತ್ಯಾಸ ಎಂದು ನಾಲ್ಕು ಭಾಗ ಮಾಡುತ್ತಾರೆ. ಸರ್ಕಾರದ ಬಳಕೆಯೆಂದರೆ ಅದು ಮಾಡುವ ಎಲ್ಲ ಖರ್ಚೂ ಅಲ್ಲ. ನಮ್ಮ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯನ್ನೇ ತೆಗೆದುಕೊಳ್ಳೋಣ. 1996ರಲ್ಲಿ ಪ್ರಧಾನಿಯಾದ ಎಚ್.ಡಿ. ದೇವೇಗೌಡರ ಹುಟ್ಟೂರೆಂದು ಅದು ಎಲ್ಲರಿಗೂ ಪರಿಚಿತ. ಇಂತಹ ಹಳ್ಳಿಯ ಮಟ್ಟಿಗೆ ಹೇಳುವುದಾದರೆ, ಸರ್ಕಾರಿ ಶಾಲೆಯ ಮೇಷ್ಟರ ಸಂಬಳ, ಬಿಸಿಯೂಟದ ಅಕ್ಕಿ-ಬೇಳೆ, ಸರ್ಕಾರಿ ಆಸ್ಪತ್ರೆಯ ಔಷಧ, ಇವು ಸರ್ಕಾರದ ಬಳಕೆ. 1979ರಲ್ಲಿ ಪೂರ್ಣಗೊಂಡ ಗೊರೂರಿನ ಹೇಮಾವತಿ ಅಣೆಕಟ್ಟು ಬಂಡವಾಳ. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಬರಿಯ ವರ್ಗಾವಣೆ. ಮನೆಯೊಡತಿ ಅದರಿಂದ ಎಣ್ಣೆ-ಸೋಪು ಕೊಂಡರೆ ಅದು ಜನರ ಬಳಕೆಯ ಲೆಕ್ಕಕ್ಕೆ ಹೋಗುತ್ತದೆ. ಸಾಲದ ಬಡ್ಡಿಯೂ ಸರ್ಕಾರದ ಬಳಕೆಯಲ್ಲಿ ಸೇರುವುದಿಲ್ಲ.

ಭಾರತದಲ್ಲಿ ಈ ಬಳಕೆಯ ಪಾಲು ಇತ್ತೀಚಿನ ವರ್ಷಗಳಲ್ಲಿ ಒಟ್ಟು ಉತ್ಪನ್ನದ ನೂರಕ್ಕೆ 10-11ರಷ್ಟು ಮಾತ್ರ. ಸ್ವೀಡನ್ನಿನಲ್ಲಿ ಅದು ನೂರಕ್ಕೆ 25ನ್ನು ಮೀರುತ್ತದೆ. ದೇಶ ಸಿರಿವಂತವಾದಂತೆ ಸರ್ಕಾರದ ವೆಚ್ಚದ ಪಾಲೂ ಬೆಳೆಯುವುದೆಂದು ಜರ್ಮನಿಯ ಅಡಾಲ್ಫ್ ವ್ಯಾಗ್ನರ್ 19ನೆಯ ಶತಮಾನದಲ್ಲಿಯೇ ಪ್ರತಿಪಾದಿಸಿದ್ದನು.

ಹಾಗಾದರೆ ಪಾಲು ಹೆಚ್ಚಿದಷ್ಟೂ ಕ್ಷೇಮವೇ? ಹಾಗೆಂದೂ ಹೇಳಲಾಗದು. ಸರ್ಕಾರಿ ಶಾಲೆಯ ಪಾಠಕ್ಕೆ ಸಂತೆಯ ಬೆಲೆಯಿಲ್ಲ. ಆದುದರಿಂದ ತಗುಲಿದ ಖರ್ಚನ್ನೇ ಅದರ ಬೆಲೆಯೆಂದು ಬರೆದುಕೊಳ್ಳುತ್ತಾರೆ. ಶ್ರದ್ಧೆಯಿಂದ ಕಲಿಸಿದವರ ಸಂಬಳವೂ, ಹಾಜರಿ ಹಾಕಿ ಹೊರಟವರ ಸಂಬಳವೂ ಈ ಲೆಕ್ಕದಲ್ಲಿ ಒಂದೇ ತೂಕ. ಇದನ್ನು ಕಂಡು ಸಂಬಳದ ವೆಚ್ಚವನ್ನೇ ಕಡಿಯಬೇಕೆನ್ನುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ. ಹುದ್ದೆಯನ್ನು ಖಾಲಿ ಬಿಟ್ಟರೆ ಕಾಗದದ ಮೇಲೆ ಅದು ಮಿತವ್ಯಯದಂತೆಯೇ ಕಾಣುತ್ತದೆ! ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು, ಮುಂದಿನ ವರ್ಷ ಕೆಲಸವುಂಟೋ ಇಲ್ಲವೋ ಎಂಬ ಚಿಂತೆಯಲ್ಲಿಯೇ ಗೌರವಧನಕ್ಕೆ ಪಾಠ ಹೇಳುತ್ತಿದ್ದಾರೆ. ಖಜಾನೆಗೆ ಉಳಿದ ಹಣ ಕಣ್ಣಿಗೆ ಕಾಣುತ್ತದೆ. ಪಾಠವಿಲ್ಲದೆ ಕುಳಿತ ಹಳ್ಳಿಯ ಹುಡುಗನ ನಷ್ಟ ಯಾವ ಕಡತದಲ್ಲಿಯೂ ಕಾಣುವುದಿಲ್ಲ.

ನಮ್ಮ ವಂಶದಲ್ಲಿ ಪದವಿ ತರಗತಿಯಲ್ಲಿ ಕುಳಿತವನು ನಾನೇ ಮೊದಲಿಗ. ರಾಗಿ, ಆಲೂಗೆಡ್ಡೆ ಬೆಳೆದು ತಂದೆಯವರು ಗಳಿಸುವ ಹಣದಲ್ಲಿ ಪೂರ್ತಿ ಶುಲ್ಕ ತೆತ್ತು ಓದುವುದು ಕನಸಿನ ಮಾತು. ಅಂಗನವಾಡಿಯ ಊಟದಿಂದ ಈ ಕಾಲೇಜಿನ ಪಾಠದವರೆಗೆ ನನಗೆ ದೊರೆತದ್ದೆಲ್ಲ ಆ ನೂರಕ್ಕೆ 10-11ರಲ್ಲಿನ ಒಂದು ಕಣ. ನನ್ನಂಥವರಿಗೆ ಅದು ದುಂದಾಗಿ ತೋರುವುದೆಂತು?

ಆದುದರಿಂದ ಮಿತ್ರರೇ, “ಎಷ್ಟು ಖರ್ಚಾಯಿತು?” ಎಂಬ ಪ್ರಶ್ನೆಯೊಂದರಿಂದಲೇ ನಾವು ತೃಪ್ತರಾಗಬಾರದು. “ಏನು ತಲುಪಿತು, ಯಾರಿಗೆ ತಲುಪಿತು?” ಎಂದೂ ಕೇಳಬೇಕು. ಪದವೀಧರರಾಗಿ ಊರಿಗೆ ಮರಳಿದಾಗ ಗ್ರಾಮಸಭೆಯಲ್ಲಿ ಎದ್ದುನಿಂತು, ನಮ್ಮ ಶಾಲೆಗೆ ಮೇಷ್ಟರೆಷ್ಟು ಮಂದಿ ಇರಬೇಕು, ಇರುವವರೆಷ್ಟು ಎಂದು ವಿಚಾರಿಸುವುದು ನಮ್ಮ ಮೊದಲ ಕರ್ತವ್ಯ. ನಮ್ಮನ್ನು ಓದಿಸಿದ ನಾಡಿಗೆ ನಾವು ಸಲ್ಲಿಸಬೇಕಾದ ಲೆಕ್ಕವೂ ಅದೇ.